ಜೋಡಿ ಪಾಸು

ನಮ್ಮ ಚಿಕ್ಕಮ್ಮ ಜೀವಮಾನವೆಲ್ಲ ನಡೆದದ್ದು ಒಂದು ಬೆಡ್‌ಶೀಟಿನ ಉದ್ದ. ತಮಾಷೆಗೆ ಹೇಳುತ್ತಿಲ್ಲ, ಅವಳ ಕೆಲಸವೇ ಅದು. ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವಳು ಶೀಟು ಮಡಚುವವಳು. ಹೋಟೆಲಿನ ಶೀಟು ಒಬ್ಬರ ಕೈಗೆ ಬಗ್ಗುವಂಥದ್ದಲ್ಲ, ಇಬ್ಬರು ಬೇಕು. ಇಸ್ತ್ರಿ ರೋಲರಿನಿಂದ ಬಿಸಿಬಿಸಿಯಾಗಿ ಹೊರಗೆ ಬಂದದ್ದನ್ನು ಎರಡೆರಡು ಮೂಲೆ ಹಿಡಿದು ಎಳೆಯಬೇಕು, ಒಂದು ಸಲ ಝಾಡಿಸಬೇಕು. ಆಮೇಲೆ ಒಬ್ಬಳು ನಿಂತಲ್ಲೇ ನಿಲ್ಲಬೇಕು, ಇನ್ನೊಬ್ಬಳು ನಡೆದು ಬಂದು ತನ್ನ ಮೂಲೆಗಳನ್ನು ಅವಳ ಕೈಗೆ ಒಪ್ಪಿಸಬೇಕು. ಇಬ್ಬರೂ ನಡೆದರೆ ಶೀಟು ಮಧ್ಯದಲ್ಲಿ ಜೋತು ನೆಲ ಮುಟ್ಟುತ್ತದೆ, ನೆಲ ಮುಟ್ಟಿದ್ದು ಮತ್ತೆ ಒಗೆಯಲು ಹೋಗುತ್ತದೆ, ಜೊತೆಗೆ ಮಾಲೀಕರ ಬೈಗುಳವೂ ಬರುತ್ತದೆ. ಹಾಗಾಗಿ ಪ್ರತಿ ಜೋಡಿಯಲ್ಲೂ ಒಬ್ಬಳು ನಿಲ್ಲುವವಳು, ಒಬ್ಬಳು ನಡೆಯುವವಳು. ಒಮ್ಮೆ ಹೀಗೆ ಅಂತ ಆದರೆ ಆಯಿತು, ಆಮೇಲೆ ಯಾರೂ ಬದಲಾಯಿಸುವುದಿಲ್ಲ.

ಚಿಕ್ಕಮ್ಮ ನಡೆಯುವವಳು. ನಿಲ್ಲುವವಳು ಉದ್ದಕ್ಕ.

ಉದ್ದಕ್ಕ ಅಂದರೆ ಹೆಸರೇ ಹೇಳುವ ಹಾಗೆ ಉದ್ದ. ಕೈಯೆತ್ತಿದರೆ ಶೀಟಿನ ಅಂಚು ನೆಲದಿಂದ ಮೊಳದಷ್ಟು ಮೇಲೆಯೇ ಇರುತ್ತಿತ್ತು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗ-ಸೊಸೆಯ ಜೊತೆಗಿದ್ದಳು. ಚಿಕ್ಕಮ್ಮ ಮದುವೆಯಾದವಳಲ್ಲ. ನನ್ನಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ, ನಾನೂ ಅದೇ ಲಾಂಡ್ರಿಯ ಮುಂದಿನ ಕೌಂಟರಿನಲ್ಲಿ ಬಟ್ಟೆಗಂಟು ಇಳಿಸಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಅವರಿಬ್ಬರು ಮಡಚುವುದನ್ನು ದಿನಾ ನೋಡುತ್ತಿದ್ದೆ. ಮಾತೇ ಬೇಕಿರಲಿಲ್ಲ ಅವರಿಗೆ. ಚಿಕ್ಕಮ್ಮ ಮುಂದೆ ನೋಡದೆಯೇ ನಡೆದು ಹೋಗುತ್ತಿದ್ದಳು, ಆ ಕಡೆ ಎರಡು ಕೈ ಇದ್ದೇ ಇರುತ್ತವೆ ಅಂತ ಅಷ್ಟು ನಂಬಿಕೆ.

ನನಗೆ ಮಾತ್ರ ಉದ್ದಕ್ಕನನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾಕೆ ಅಂದರೆ ಹೇಳುವುದು ಕಷ್ಟ. ಅವಳು ಎಲ್ಲದಕ್ಕೂ ನಗುತ್ತಿದ್ದಳು, ಯಾವುದಕ್ಕೂ ನೇರ ಉತ್ತರ ಕೊಡುತ್ತಿರಲಿಲ್ಲ. ಚಿಕ್ಕಮ್ಮನ ಹತ್ತಿರ ಇದನ್ನು ಹೇಳಿದರೆ, ನಿನಗೆ ನನ್ನ ಸ್ನೇಹಿತೆ ಅಂದರೆ ಹೊಟ್ಟೆಕಿಚ್ಚು ಅಂತ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಇರಬಹುದು. ಆದರೆ ನಾನು ಹೇಳಿದ್ದೇ ನಿಜವಾಯಿತಲ್ಲ.

ಚಿಕ್ಕಮ್ಮನಿಗೆ ಇದ್ದದ್ದು ಒಂದೇ ಆಸೆ. ಸಮುದ್ರದ ಪಕ್ಕದ ಒಂದು ಹೋಟೆಲಿನಲ್ಲಿ ಮಲಗಬೇಕು, ತಾನು ಮಡಚದ ಶೀಟಿನ ಮೇಲೆ. ಅಷ್ಟೇ. ಸಮುದ್ರ ನೋಡಿದವಳೇ ಅಲ್ಲ ಅವಳು. ರಜೆಯಲ್ಲಿ ದೇಶ ಸುತ್ತುವವರಿಗೆ ಅಂತ ರೈಲಿನವರು ಒಂದು ಪಾಸು ಕೊಡುತ್ತಾರೆ, ಅದಿದ್ದರೆ ಯಾವ ರೈಲನ್ನಾದರೂ ಹತ್ತಬಹುದು, ಎಲ್ಲಿ ಬೇಕಾದರೂ ಇಳಿಯಬಹುದು ಅಂತ ಯಾರೋ ಹೇಳಿದ್ದೇ ತಡ, ಲಾಂಡ್ರಿಯಲ್ಲಿ ಬೇರೆ ಮಾತೇ ಇಲ್ಲ. ಶೀಟು ಹಿಡಿದುಕೊಂಡೇ ಇವರ ಪ್ರವಾಸ ಶುರುವಾಗುತ್ತಿತ್ತು. ಚಿಕ್ಕಮ್ಮ ಈ ಕಡೆಯಿಂದ ಒಂದು ಊರು ಹೇಳುವುದು, ಉದ್ದಕ್ಕ ಆ ಕಡೆಯಿಂದ ಇನ್ನೊಂದು ಹೇಳುವುದು. ಕೊನೆಯ ಊರು ಮಾತ್ರ ಯಾವಾಗಲೂ ಒಂದೇ, ರೈಲುಹಳಿ ಮುಗಿದು ಸಮುದ್ರ ಶುರುವಾಗುವ ಊರು.

ದಾರಿಯಲ್ಲಿ ಒಂದು ಪುಟ್ಟ ಜಂಕ್ಷನ್ನಿನಲ್ಲಿ ಇಳಿಯಲೇಬೇಕು ಅಂತ ಉದ್ದಕ್ಕ ಹಟ ಹಿಡಿದಳು. ಅಲ್ಲೇನಿದೆ ಅಂತ ನಾನು ಕೇಳಿದೆ. ಒಳ್ಳೆ ಜಲಪಾತವಿದೆ ಅಂದಳು. ಚಿಕ್ಕಮ್ಮನೋ, ಆ ಜಲಪಾತವನ್ನು ಊರಿಗೆಲ್ಲ ಸಾರಿಕೊಂಡು ಬಂದಳು. ಹಾಲಿನವನಿಗೆ ಹೇಳಿದಳು, ಮೇಲಿನ ಮನೆಯವರಿಗೆ ಹೇಳಿದಳು. ನೀರು ಎಷ್ಟು ಎತ್ತರದಿಂದ ಬೀಳುತ್ತದೆ ಅಂತ ಕೈಯೆತ್ತಿ ತೋರಿಸುವುದು ಬೇರೆ, ಕಣ್ಣಾರೆ ಕಂಡವಳ ಹಾಗೆ.

ಪಾಸು ಮಾಡಿಸಲು ಸ್ಟೇಷನ್ನಿಗೆ ಮೂವರೂ ಹೋದೆವು. ಕೌಂಟರಿನಲ್ಲಿ ಕೂತಿದ್ದಾಕೆ, ಇಬ್ಬರೇ ಹೋಗುವುದಾದರೆ ಜೋಡಿ ಪಾಸು ಮಾಡಿಸಿ, ಒಂದೇ ಕಾರ್ಡಿನಲ್ಲಿ ಇಬ್ಬರ ಫೋಟೋ ಬರುತ್ತದೆ ಅಂದರು. ಎರಡು ಬೇರೆ ಬೇರೆ ಪಾಸು ಮಾಡಿಸೋಣ ಅಂತ ನನ್ನ ಮನಸ್ಸಿನಲ್ಲಿತ್ತು. ಒಬ್ಬರಿಗೆ ಹುಷಾರು ತಪ್ಪಿದರೆ ಏನು ಗತಿ ಅಂತ ಕೇಳಿದೆ. ಆಕೆ ಸ್ಪಷ್ಟವಾಗಿ ಹೇಳಿದರು, ಇಬ್ಬರೂ ಜೊತೆಯಲ್ಲಿದ್ದರೆ ಪಾಸು, ಒಬ್ಬರೇ ಇದ್ದರೆ ಅದು ಬರೀ ಕಾರ್ಡು, ನಮ್ಮವರು ರೈಲಿನಿಂದ ಇಳಿಸಿಬಿಡುತ್ತಾರೆ. ಚಿಕ್ಕಮ್ಮ ನಕ್ಕುಬಿಟ್ಟಳು. ನಾವು ಶೀಟನ್ನೇ ಒಬ್ಬೊಬ್ಬರೇ ಮಡಚಿದವರಲ್ಲ, ಜೋಡಿಯದೇ ಕೊಡಿ ಅಂದಳು. ಉದ್ದಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ಕೌಂಟರಿನಾಕೆ ಹೇಳಿದ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದಳು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ.

ಉದ್ದಕ್ಕನ ಮಗ ಮೊದಲು ಸುತರಾಂ ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಎಂಥ ತಿರುಗಾಟ ಅಂತ ಅವನ ರಾಗ. ಕೊನೆಗೆ ಚಿಕ್ಕಮ್ಮನೇ ಅವನ ಮನೆಗೆ ಹೋಗಿ ಕೂತಳು. ನಾನಿದ್ದೀನಲ್ಲಪ್ಪ, ಹೇಗೆ ಕರಕೊಂಡು ಹೋಗ್ತೀನೋ ಹಾಗೇ ತಂದು ಬಿಡ್ತೀನಿ ಅಂತ ಮಾತು ಕೊಟ್ಟಳು. ಅವನು ಒಪ್ಪಿದ್ದು ಆ ಮಾತಿನ ಮೇಲೆ.

ಹೊರಟ ಮೇಲೆ ಮೊದಮೊದಲು ಎಷ್ಟು ಖುಷಿ! ಚಿಕ್ಕಮ್ಮ ಫೋನು ಮಾಡಿದರೆ ಉಸಿರು ಬಿಡದೆ ಮಾತಾಡುತ್ತಿದ್ದಳು. ಸುರಂಗದೊಳಗೆ ರೈಲು ಹೊಕ್ಕಾಗ ಉದ್ದಕ್ಕ ಇವಳ ಕೈ ಹಿಡಿದುಕೊಂಡಳಂತೆ. ಉಳಿದುಕೊಂಡ ಲಾಡ್ಜಿನಲ್ಲಿ ಹಾಸಿಗೆ ಎತ್ತಿ ನೋಡಿ, ಇಲ್ಲಿಯವರಿಗೆ ಮಡಚಲು ಬರಲ್ಲ ಕಣೇ ಅಂತ ತಕರಾರು. ಬೆಳಗ್ಗೆ ರೂಮು ಬಿಡುವ ಮುಂಚೆ ಇಬ್ಬರೂ ಸೇರಿ ಹಾಸಿದ್ದ ಶೀಟನ್ನು ಕಿತ್ತು, ಝಾಡಿಸಿ, ಅಚ್ಚುಕಟ್ಟಾಗಿ ಮಡಚಿಟ್ಟು ಬಂದರಂತೆ. ಒಗೆಯಲು ಹೋಗುವ ಕೊಳೆ ಶೀಟು! ರೂಮು ಗುಡಿಸುವಾಕೆ ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕಳಂತೆ. ಹೇಳುತ್ತಾ ಚಿಕ್ಕಮ್ಮನೂ ನಕ್ಕಳು. ಹಿಂದೆ ಉದ್ದಕ್ಕನ ನಗುವೂ ಕೇಳಿಸಿತು. ಅದಾದ ಮರುದಿನವೇ ಜಂಕ್ಷನ್ನು.

ಅಲ್ಲಿ ಆದದ್ದನ್ನು ಚಿಕ್ಕಮ್ಮ ನನಗೆ ಹೇಳಿದ್ದು ಒಂದೇ ಸಲ, ಇನ್ನೊಮ್ಮೆ ಕೇಳಲು ನನಗೂ ಧೈರ್ಯವಾಗಲಿಲ್ಲ.

ಇಬ್ಬರೂ ಇಳಿದರು. ಬಿಸಿಲು ಚುರುಗುಟ್ಟುತ್ತಿತ್ತು. ಉದ್ದಕ್ಕ ಬೆಂಚಿನ ಪಕ್ಕ ನಿಂತು, "ನೀನು ಹೋಗಿ ಬಾಟ್ಲಿ ತುಂಬಿಸ್ಕೊಂಡು ಬಾ. ನಾನು ಇಲ್ಲೇ ನಿಂತಿರ್ತೀನಿ" ಅಂದಳು. ಅದರಲ್ಲಿ ಹೊಸದೇನಿತ್ತು? ಇವಳು ನಡೆಯುವುದು, ಅವಳು ನಿಂತಿರುವುದು. ನಲ್ಲಿ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿತ್ತು, ನೀರು ನೂಲಿನ ಹಾಗೆ ಬರುತ್ತಿತ್ತು. ತುಂಬಿಸಿಕೊಂಡು ತಿರುಗಿ ಬಂದರೆ ಬೆಂಚಿನ ಹತ್ತಿರ ಯಾರೂ ಇಲ್ಲ. ಚಿಕ್ಕಮ್ಮನ ಚೀಲ ಮಾತ್ರ ಇತ್ತು, ಮೇಲೆ ಅವಳ ಶಾಲು ಮಡಚಿಟ್ಟಿತ್ತು. ಉದ್ದಕ್ಕ ಒಬ್ಬಳೇ ಮಡಚಿದ್ದು, ಮೂಲೆಗಳು ಕೂಡಿರಲಿಲ್ಲ.

ಬಾತ್‌ರೂಮಿಗೆ ಹೋಗಿರಬೇಕು ಅಂದುಕೊಂಡಳು. ಆಮೇಲೆ ಹಳಿಯ ಮೇಲೆ ಬಿದ್ದಳೋ ಏನೋ ಅಂತ ಹೆದರಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಬಗ್ಗಿ ಬಗ್ಗಿ ನೋಡಿದಳು. ಫೋನು ಮಾಡಿದರೆ ಸ್ವಿಚ್ ಆಫ್. ಕೊನೆಗೆ ಟೀ ಮಾರುವವರು ಹೇಳಿದರು, ಆ ಎತ್ತರದ ಅಮ್ಮನಾ, ಕೆಂಪು ಟೋಪಿಯವರೊಬ್ಬರು ಬಂದು ಚೀಲ ತಗೊಂಡು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರಲ್ಲ.

ಕೆಂಪು ಟೋಪಿ ಯಾರದು ಅಂತ ಚಿಕ್ಕಮ್ಮನಿಗೆ ಗೊತ್ತಾಯಿತು. ಯಾವಾಗಲೂ ಅಂಥದೇ ಟೋಪಿ ಹಾಕಿಕೊಂಡು ನಮ್ಮ ಲಾಂಡ್ರಿಗೆ ಸೋಪಿನ ಪುಡಿ ತಂದು ಹಾಕುತ್ತಿದ್ದವರು, ಹೆಂಡತಿ ಸತ್ತ ಮೇಲೆ ವ್ಯಾಪಾರ ಬಿಟ್ಟು ಯಾವುದೋ ಊರಿಗೆ ಹೋಗಿದ್ದರು. ನಾವೆಲ್ಲ ಅವರನ್ನು ಸೋಪಿನಣ್ಣ ಅಂತಲೇ ಕರೆಯುತ್ತಿದ್ದದ್ದು. ಎಲ್ಲರಿಗೂ ಅಣ್ಣನಾದವರು ಒಬ್ಬಳಿಗೆ ಮಾತ್ರ ಅಣ್ಣನಲ್ಲ ಅಂತ ಯಾರಿಗೆ ಗೊತ್ತಿತ್ತು?

ಗೊತ್ತಾದ ಮೇಲೂ ನಮ್ಮ ಚಿಕ್ಕಮ್ಮ ಏನು ಯೋಚಿಸಿದಳು ಹೇಳಲಾ? ಪಾಪ, ಸೋಪಿನಣ್ಣ ಇದೇ ಊರಿನಲ್ಲಿದ್ದಾರೆ, ಉದ್ದಕ್ಕನನ್ನು ಮೊದಲು ಜಲಪಾತಕ್ಕೆ ಬಿಟ್ಟು ಆಮೇಲೆ ನನ್ನನ್ನು ಕರೆದುಕೊಂಡು ಹೋಗಲು ಬರುತ್ತಾರೆ ಅಂತ. ಸ್ಕೂಟರಿನಲ್ಲಿ ಮೂವರು ಕೂರುವ ಹಾಗಿಲ್ಲವಲ್ಲ! ಟೀಯವರ ಹತ್ತಿರ ಹೋಗಿ ಜಲಪಾತ ಎಷ್ಟು ದೂರ ಅಂತ ಕೇಳಿದಳು. ಅವರು ಇವಳ ಮುಖವನ್ನೇ ನೋಡಿ, "ಜಲಪಾತ ಎಲ್ಲಿಂದ ಬರಬೇಕಮ್ಮ? ಇಲ್ಲಿ ನಲ್ಲಿಯಲ್ಲೇ ನೀರು ಬರಲ್ಲ" ಅಂದರು.

ಆಗ ಚಿಕ್ಕಮ್ಮ ಬೆಂಚಿನ ಮೇಲೆ ಕೂತಳು.

ಎಷ್ಟೋ ಹೊತ್ತಾದ ಮೇಲೆ ಉದ್ದಕ್ಕನದೇ ಫೋನು ಬಂತು. ತಾನು ಇನ್ನು ಸೋಪಿನಣ್ಣನ ಜೊತೆಯಲ್ಲೇ ಇರುವುದಾಗಿಯೂ, ಮಗನಿಗೆ ಗೊತ್ತಾದರೆ ಬಿಡುವುದಿಲ್ಲ ಅಂತ ಹೀಗೆ ಮಾಡಬೇಕಾಯಿತು ಅಂತಲೂ ಹೇಳಿ, "ನನ್ನ ಕಾಯಬೇಡ ಕಣೇ. ನೀನು ಸಮುದ್ರ ನೋಡ್ಕೊಂಡು ಬಾ" ಅಂದಳು.

ಸಮುದ್ರ ನೋಡಿಕೊಂಡು ಬರಬೇಕಂತೆ! ಯಾವುದರಲ್ಲಿ ಹೋಗಿ ನೋಡಬೇಕಿತ್ತು? ಒಬ್ಬರೇ ಇದ್ದರೆ ಅದು ಬರೀ ಕಾರ್ಡು ಅಂತ ನನ್ನ ಜೊತೆ ನಿಂತು ಕೇಳಿಸಿಕೊಂಡವಳು ಆಡುವ ಮಾತಾ ಇದು? ಮಗನ ಕಣ್ಣು ತಪ್ಪಿಸಲು ಅವಳಿಗೆ ಒಬ್ಬ ನಂಬಿಕಸ್ಥೆ ಬೇಕಿತ್ತು, ಜಂಕ್ಷನ್ನಿನ ತನಕ ಕಾರ್ಡಿನಲ್ಲಿ ಇನ್ನೊಂದು ಫೋಟೋ ಬೇಕಿತ್ತು. ಅಲ್ಲಿಂದಾಚೆಗೆ ನಮ್ಮ ಚಿಕ್ಕಮ್ಮ ಯಾವ ಲೆಕ್ಕಕ್ಕೂ ಇಲ್ಲ.

ಆದರೂ ಚಿಕ್ಕಮ್ಮ ಸಮುದ್ರದ ಕಡೆಯ ರೈಲನ್ನೇ ಹತ್ತಿದಳು. ಉದ್ದಕ್ಕ ಹೇಳಿದ್ದನ್ನು ಕೇಳಿ ಕೇಳಿ ಅಭ್ಯಾಸವಾಗಿಬಿಟ್ಟಿತ್ತೋ ಏನೋ. ಟಿಕೆಟ್ ನೋಡುವವರು ಬಂದು ಕಾರ್ಡು ತಿರುಗಿಸಿ, ಇನ್ನೊಬ್ಬರೆಲ್ಲಿ ಅಂತ ಕೇಳಿದರು. ಬಾತ್‌ರೂಮಿಗೆ ಹೋಗಿದ್ದಾಳೆ ಅಂದಳು ಚಿಕ್ಕಮ್ಮ. ಸುಳ್ಳು ಹೇಳಿ ಗೊತ್ತಿಲ್ಲದವಳು, ಹೇಳಿದ ಮೇಲೆ ಬಾತ್‌ರೂಮಿನ ಕಡೆಗೇ ನೋಡುತ್ತಾ ಕೂತಳಂತೆ, ಒಂದು ವೇಳೆ ಅವಳು ಅಲ್ಲಿಂದ ಬಂದುಬಿಟ್ಟರೆ ಅನ್ನುವ ಹಾಗೆ. ಅವರು ಕೆಟ್ಟವರೇನಲ್ಲ, ಎರಡು ಸಲ ಬಂದು ನೋಡಿದರು. ಆಮೇಲೆ ಅವರೇ ಚೀಲ ಎತ್ತಿಕೊಟ್ಟು ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿದರು.

ಅಲ್ಲಿಂದ ಚಿಕ್ಕಮ್ಮನ ಫೋನು ಬಂದ ಕೂಡಲೇ ನಾನು ಹೊರಟೆ. ಹೋಗಿ ನೋಡಿದರೆ ಚಿಕ್ಕಮ್ಮ ವೇಟಿಂಗ್ ರೂಮಿನಲ್ಲಿ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಶಾಲಿನ ಮಡಿಕೆ ಬಿಚ್ಚುವುದು, ಮತ್ತೆ ಮಡಚುವುದು ಮಾಡುತ್ತಿದ್ದಳು. ಬಾ ಚಿಕ್ಕಮ್ಮ, ನಾನು ಟಿಕೆಟ್ ತೆಗೆಸುತ್ತೇನೆ, ಇಬ್ಬರೂ ಸಮುದ್ರಕ್ಕೆ ಹೋಗೋಣ, ನೀವು ಮೊದಲೇ ಗೊತ್ತುಮಾಡಿದ್ದ ಹೋಟೆಲಿನ ರೂಮೂ ಹಾಗೇ ಇದೆ ಅಂದೆ. ಅವಳು ತಲೆ ಅಲ್ಲಾಡಿಸಿದಳು. ಮನೆಗೆ ನಡಿ ಅಂದಳು, ಅಷ್ಟೇ.

ಮನೆಗೆ ಬಂದರೆ ಇನ್ನೊಂದು ಕಾದಿತ್ತು. ಉದ್ದಕ್ಕನ ಮಗ ಬಾಗಿಲಲ್ಲೇ ನಿಂತು, ನಿಮ್ಮ ಮಾತು ನಂಬಿ ಕಳಿಸಿದೆ, ಎಲ್ಲ ಗೊತ್ತಿದ್ದೂ ನಾಟಕ ಆಡಿದಿರಿ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ. ಚಿಕ್ಕಮ್ಮ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ನಿಮ್ಮಮ್ಮ ಚೆನ್ನಾಗಿದ್ದಾಳೆ ಕಣಪ್ಪ ಅಂದಳು, ಎಲ್ಲಿ ಅಂತ ಬಾಯಿ ಬಿಡಲಿಲ್ಲ. ಲಾಂಡ್ರಿಯವರೂ ಬಿಟ್ಟರಾ? ಇವಳಿಗೆ ತಿಳಿಯದೆ ಇರುತ್ತದಾ, ದಿನವಿಡೀ ಒಂದೇ ಶೀಟು ಹಿಡಿದುಕೊಂಡಿದ್ದವರು ಅಂತ ಹಿಂದಿನಿಂದ ಆಡಿಕೊಂಡರು. ಅದೇ ನೋಡಿ, ಇವಳಿಗೆ ಗೊತ್ತಿತ್ತು ಅಂತ ಜಗತ್ತೇ ನಂಬಿತ್ತು, ಇವಳಿಗೆ ನೋಡಿದರೆ ಏನೂ ಗೊತ್ತಿರಲಿಲ್ಲ. ಅವಳ ಜೋಡಿಗೆ ಹೊಸಬಳೊಬ್ಬಳನ್ನು ಹಾಕಿದರು. ಆ ಹುಡುಗಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ, ತಾನೂ ಮುಂದೆ ಬಂದುಬಿಡುತ್ತಿದ್ದಳು. ಚಿಕ್ಕಮ್ಮ ನೆಲ ಮುಟ್ಟಿದ ಶೀಟುಗಳನ್ನು ಬುಟ್ಟಿಗೆ ಹಾಕುತ್ತಿದ್ದಳು.

ವರ್ಷ ತುಂಬುವ ಮೊದಲೇ ಉದ್ದಕ್ಕ ವಾಪಸು ಬಂದಳು. ಸೋಪಿನಣ್ಣನ ಹೆಣ್ಣುಮಕ್ಕಳು ಇವಳನ್ನು ಮನೆಯಲ್ಲಿ ಇರಗೊಡಲಿಲ್ಲವಂತೆ, ಆ ಮನುಷ್ಯ ತುಟಿಪಿಟಿಕ್ಕೆನ್ನದೆ ಕೂತಿದ್ದರಂತೆ. ಇತ್ತ ಮಗ ಸೇರಿಸಲಿಲ್ಲ, ಎಲ್ಲೋ ಒಂದು ಕೋಣೆ ಹಿಡಿದಿದ್ದಳು. ಲಾಂಡ್ರಿಯಲ್ಲಿ ಕೈ ಸಾಲದೆ ಇದ್ದದ್ದರಿಂದ ಮಾಲೀಕರು ಸೇರಿಸಿಕೊಂಡರು, ಹಳೆಯ ಜಾಗದಲ್ಲೇ ನಿಲ್ಲಿಸಿದರು.

ನಾನು ಕೌಂಟರು ಬಿಟ್ಟು ಬಾಗಿಲ ಹತ್ತಿರ ಬಂದು ನಿಂತೆ. ರೋಲರಿನಿಂದ ಶೀಟು ಬಂತು. ಇಬ್ಬರೂ ಮೂಲೆ ಹಿಡಿದರು, ಎಳೆದರು, ಝಾಡಿಸಿದರು. ಕೈ ಮರೆತಿರಲಿಲ್ಲ. ಉದ್ದಕ್ಕ ಸೊರಗಿದ್ದಳು. ತಲೆ ತಗ್ಗಿಸಿಕೊಂಡೇ, "ಹೇಳಿದ್ರೆ ನೀನು ಬಿಡ್ತಿರ್ಲಿಲ್ಲ ಕಣೇ" ಅಂದಳು.

"ಹೇಳಿದ್ರೆ ನಿನ್ನ ಚೀಲ ನಾನೇ ಹೊತ್ಕೊಂಡು ಅವರ ಬಾಗಿಲ ತನಕ ಬರ್ತಿದ್ದೆ" ಅಂದಳು ಚಿಕ್ಕಮ್ಮ.

ಉದ್ದಕ್ಕ ಅಭ್ಯಾಸದ ಮೇಲೆ ಎರಡೂ ಕೈ ಮೇಲೆತ್ತಿ ನಿಂತಳು, ಚಿಕ್ಕಮ್ಮ ನಡೆದು ಬರಲಿ ಅಂತ. ಚಿಕ್ಕಮ್ಮ ನಡೆಯಲಿಲ್ಲ. ಹಿಂದಿನಿಂದ ಇನ್ನೊಂದು ಶೀಟು ಬಂದು ರೋಲರಿನ ಬಾಯಲ್ಲಿ ಕಾಯುತ್ತಿತ್ತು. ಉಳಿದವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು.

"ನೀನು ಬಾ," ಅಂದಳು ಚಿಕ್ಕಮ್ಮ. "ನಾನು ಇಲ್ಲೇ ನಿಂತಿರ್ತೀನಿ."

ಉದ್ದಕ್ಕ ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಚಿಕ್ಕಮ್ಮ ಹೇಳಿದ ಹಾಗೆ ಅಲ್ಲೇ ನಿಂತಿದ್ದಳು.