ಮಸೀದಿಯ ಕಟ್ಟೆಯ ಮೇಲೆ ಅಪ್ಪ

ವಿಜಯವಾಡಕ್ಕೆ ವರ್ಗವಾದಾಗ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಬಂದೆ. ಬೇರೆ ದಾರಿಯಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅವರ ನೆನಪು ಕಳಚುತ್ತ ಬಂದಿತ್ತು. ನಾನು ಒಬ್ಬಳೇ ಮಗಳು, ಮದುವೆಯಾಗದವಳು, ಬ್ಯಾಂಕಿನ ನೌಕರಿಯವಳು. ಹಳೇ ಊರಿನ ಗಲ್ಲಿಯೊಂದರಲ್ಲಿ ಬ್ಯಾಂಕಿಗೆ ಹತ್ತಿರವಾಗುವ ಮನೆ ಹಿಡಿದು, ಹಗಲಿಗೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತುಮಾಡಿದೆ. ಗಲ್ಲಿಯ ತುದಿಗೆ ಒಂದು ಮಸೀದಿಯಿತ್ತು. ನಸುಕಿನ ಬಾಂಗಿಗೆ ಅಪ್ಪ ಎದ್ದು ಕೂತುಬಿಡುತ್ತಿದ್ದರು, ನನ್ನ ನಿದ್ದೆ ಅಲ್ಲಿಗೇ ಮುಗಿಯುತ್ತಿತ್ತು. ಮೊದಮೊದಲು ಆ ಮಸೀದಿಯೆಂದರೆ ನನಗೆ ಅಷ್ಟೇ.

ಬೇಸಿಗೆಯ ಒಂದು ಮಧ್ಯಾಹ್ನ ಆ ಹೆಂಗಸಿನ ಕಣ್ಣು ತಪ್ಪಿಸಿ ಅಪ್ಪ ಹೊರಬಿದ್ದರು. ನಾನು ಬ್ಯಾಂಕಿನಿಂದ ಓಡಿಬಂದು ಕಾಲುವೆಯ ದಂಡೆ, ಬಸ್ ನಿಲ್ದಾಣ, ಬೆಟ್ಟದ ಮೆಟ್ಟಿಲು ಎಲ್ಲ ಹುಡುಕಿದೆ. ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಅಷ್ಟರಲ್ಲಿ ಮಸೀದಿಯ ಮೈಕಿನಲ್ಲಿ ತೆಲುಗಿನ ಕೂಗು ಕೇಳಿತು: ಹಣೆಗೆ ವಿಭೂತಿ ಹಚ್ಚಿದ ಹಿರಿಯರೊಬ್ಬರು ಇಲ್ಲಿ ಕೂತಿದ್ದಾರೆ, ಅವರ ಕಡೆಯವರು ಬರಬೇಕು.

ಹೋಗಿ ನೋಡಿದರೆ ಅಪ್ಪ ಬಾವಿಯ ಪಕ್ಕದ ಕಟ್ಟೆಯ ಮೇಲೆ ಕಾಲು ಮಡಚಿ ಕೂತು, ಒಬ್ಬ ಮುದುಕರ ಜೊತೆ ನಿರರ್ಗಳವಾಗಿ ಉರ್ದು ಮಾತಾಡುತ್ತಿದ್ದರು. ನಮ್ಮ ಬೀದರದ ಕಡೆ ನಿಜಾಮರ ಕಾಲದಲ್ಲಿ ಶಾಲೆ ಕಲಿತವರಿಗೆಲ್ಲ ಉರ್ದುವೇ ಓದಿನ ಭಾಷೆ. ನನ್ನ ಹೆಸರು ಮರೆತಿದ್ದ ಅಪ್ಪನಿಗೆ ಅದು ಮರೆತಿರಲಿಲ್ಲ.

"ಮನೀಗಿ ನಡಿರಿ ಅಪ್ಪಾ," ಅಂದೆ.

"ಸುಮ್ ಕೂಡು. ಮಾಸ್ತರ್ ಬರೋ ಹೊತ್ತಾಗ್ಯಾದ," ಅಂದರು.

ಮುದುಕರು ನಕ್ಕರು. ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾದವರು, ಮಸೀದಿಯ ಕಮಿಟಿಯ ಹಿರಿಯರು. "ಪರವಾಲೇದಮ್ಮಾ, ಇಲ್ಲೇ ಇರಲಿ. ನಮಗೂ ಇಲ್ಲಿ ನೆಟ್ಟಗೆ ಉರ್ದು ಆಡುವವರು ಯಾರಿದ್ದಾರೆ? ನಮ್ಮ ಮಕ್ಕಳಿಗೆಲ್ಲ ತೆಲುಗೇ," ಅಂದರು.

ಹಾಗೆ ಶುರುವಾಯಿತು. ದಿನವೂ ಮಧ್ಯಾಹ್ನ ಆ ಹೆಂಗಸು ಅಪ್ಪನನ್ನು ಅಲ್ಲಿ ಬಿಟ್ಟುಬರುತ್ತಿದ್ದಳು. ಸಂಜೆ ನಾನು ಕರೆತರಲು ಹೋದಾಗ ಬಾಗಿಲ ಹೊರಗೆ ಜ್ವರ ಬಂದ ಕೂಸುಗಳನ್ನು ಎತ್ತಿಕೊಂಡ ತಾಯಂದಿರ ಸಾಲು ಇರುತ್ತಿತ್ತು. ನಮಾಜು ಮುಗಿಸಿ ಬಂದವರು ಮಂತ್ರಿಸಿ ಊದುತ್ತಾರೆಂದು ಕುಂಕುಮವಿಟ್ಟವರೂ ಕಾಯುತ್ತಿದ್ದರು. ನಾನೂ ಅವರ ಜೊತೆ ಗೋಡೆಗೊರಗಿ ನಿಲ್ಲುತ್ತಿದ್ದೆ. ಇಡೀ ದಿನದಲ್ಲಿ ನಾನು ಸುಮ್ಮನೆ ನಿಲ್ಲುತ್ತಿದ್ದುದು ಅದೊಂದೇ ಹೊತ್ತು.

ಅಪ್ಪ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಈ ಮಸೀದಿ ಕಟ್ಟಿದವರು ಯಾರು? ಹಿರಿಯರು ದಿನವೂ ಬೇಸರವಿಲ್ಲದೆ ಹೇಳುತ್ತಿದ್ದರು. ಕಾಲುವೆಯಲ್ಲಿ ದೋಣಿಯ ಮೇಲೆ ತೊಗಲು ಸಾಗಿಸುತ್ತಿದ್ದವರು ತಾಳೆಗರಿಯ ಚಪ್ಪರ ಹಾಕಿಕೊಂಡು ನಮಾಜು ಮಾಡುತ್ತಿದ್ದರಂತೆ. ಕಟ್ಟಡಕ್ಕಿಂತ ಮೊದಲು ತೋಡಿದ್ದು ಬಾವಿ. ಇಡೀ ಗಲ್ಲಿ ಅದರ ನೀರನ್ನೇ ಕುಡಿಯಿತು. ಪಕ್ಕದ ಕಾಳಿನ ವ್ಯಾಪಾರಿ ಕೋಮಟಿ ತನ್ನ ಗೋದಾಮಿನ ಗೋಡೆಗೆ ಸೂರು ತಾಗಿಸಲು ಒಪ್ಪಿದ. ಒಂದು ತುಫಾನಿನಲ್ಲಿ ಆ ಗೋದಾಮಿನ ಮಾಡು ಹಾರಿಹೋದಾಗ ಅವನ ಮನೆಮಂದಿಯೆಲ್ಲ ಮಸೀದಿಯೊಳಗೆ ಮಲಗಿದರು. ಆಮೇಲೆ ಮುನ್ಸಿಪಾಲಿಟಿಯವರು ರಸ್ತೆ ಅಗಲ ಮಾಡಲು ಬಂದು ಮುಂದಿನ ಪಡಸಾಲೆಯನ್ನು ಕೆಡವಿದರು. ಅಪ್ಪ ಪ್ರತಿ ಸಲವೂ "ಅರೆರೆ, ಪಡಸಾಲಿ ಹೋಯ್ತಾ?" ಎಂದು ಹೊಸದಾಗಿ ಮರುಗುತ್ತಿದ್ದರು. ಕೇಳಿ ಕೇಳಿ ನನಗೂ ಆ ಕಥೆ ಬಾಯಿಪಾಠವಾಯಿತು.

ಹೈದರಾಬಾದಿನಲ್ಲಿ ಬಾಂಬು ಸಿಡಿದ ವರ್ಷ ಅದು. ಮಸೀದಿಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ವಿಚಾರಿಸಲು ಪೊಲೀಸರು ಬರತೊಡಗಿದರು. ದಿನವೂ ಬಂದು ಕೂರುವ ಈ ಹೊರರಾಜ್ಯದವರು ಯಾರು ಎಂಬ ಪ್ರಶ್ನೆಯೂ ಬಂತು. ಕಮಿಟಿಯ ಇಬ್ಬರು ಮನೆಗೇ ಬಂದರು, ಒಳಗೆ ಬರದೆ ಹೊಸ್ತಿಲಲ್ಲೇ ನಿಂತರು.

"ನಾನ್ನಗಾರು, ನಿಮ್ಮ ತಂದೆ, ಬರುವುದು ನಮಗೆ ಭಾರವಲ್ಲಮ್ಮಾ," ಅವರಲ್ಲೊಬ್ಬರು ಅಂದರು. "ಆದರೆ ಅವರಿಗೆ ಅಲ್ಲಿ ಏನಾದರೂ ಆದರೆ ನಾವು ಯಾರಿಗೆ ಏನು ಹೇಳುವುದು? ಸ್ವಲ್ಪ ದಿನ ಬೇಡ."

ನನಗೆ ವಾದಿಸುವ ಶಕ್ತಿಯೂ ಇರಲಿಲ್ಲ, ಸಿಟ್ಟೂ ಬರಲಿಲ್ಲ. ಅವರು ಹೇಳಿದ್ದು ನಿಜವೇ. ಮರುದಿನದಿಂದ ಆ ಹೆಂಗಸಿನ ಕೈಯಲ್ಲಿ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದೆ. ಬಾಂಗಾದ ಕೂಡಲೇ ಅಪ್ಪ ಬಾಗಿಲು ಬಡಿಯುತ್ತಿದ್ದರು. "ಸಾಲಿಗಿ ಹೊತ್ತಾತು, ಬಿಡ್ರಿ" ಎಂದು ಕೂಗುತ್ತಿದ್ದರು. ಮೇಲಿನ ಮನೆಯವರು ದೂರು ತಂದರು. ಬ್ಯಾಂಕಿನಲ್ಲಿ ಕೂತರೂ ಆ ಬಡಿತ ನನ್ನ ತಲೆಯೊಳಗೆ ಕೇಳುತ್ತಿತ್ತು.

ಒಂದು ದಿನ ಬೇಗ ಮನೆಗೆ ಬಂದೆ. ಆ ಹೆಂಗಸು ಚಿಲಕ ತೆಗೆದಿದ್ದಳು. ಗಾರ್ಡ್ ಸಾಹೇಬರು ನಮ್ಮ ಪಡಸಾಲೆಯ ಚಾಪೆಯ ಮೇಲೆ ಅಪ್ಪನೆದುರು ಕೂತು ತೊಗಲು ಸಾಗಿಸುವ ದೋಣಿಯ ಕಥೆ ಹೇಳುತ್ತಿದ್ದರು.

"ಕಮಿಟಿಯವರು ಏನೂ ಅನ್ನುವುದಿಲ್ಲವೇ?" ಎಂದು ಕೇಳಿದೆ.

"ನಾನು ಯಾರ ಮನೆಗೆ ಹೋಗಬೇಕೆಂದು ಕಮಿಟಿ ಹೇಳುತ್ತದೆಯೇ?" ಅಂದರು. ಅಂದಿನಿಂದ ಮಧ್ಯಾಹ್ನದ ನಮಾಜಾದ ಮೇಲೆ ಅವರೇ ಬರತೊಡಗಿದರು.

ಮಳೆಗಾಲದಲ್ಲಿ ಅಪ್ಪನಿಗೆ ಜ್ವರ ಬಂತು, ಇಳಿಯಲಿಲ್ಲ. ಒಂದು ಬೆಳಿಗ್ಗೆ ತೀರಿಕೊಂಡರು. ಓಣಿಯವರು ಸೌದೆಯ ಮಾತೆತ್ತಿದಾಗ, ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ ಎಂದೆ. ಪರಊರಲ್ಲಿ ನೆಲ ಎಲ್ಲಿ ಕೇಳಲಿ?

ಗಾರ್ಡ್ ಸಾಹೇಬರು ಬಂದವರೇ, "ಕಾಲುವೆಯಾಚೆ ಜಂಗಮದವರು ಮಣ್ಣು ಮಾಡುವ ನೆಲವಿದೆ, ನಾನು ಮಾತಾಡುತ್ತೇನೆ," ಅಂದರು. ಜಂಗಮದ ಹಿರಿಯರು ಒಪ್ಪಿದರು. ಆದರೆ ಮಳೆಯಲ್ಲಿ ಅಗೆಯುವವರು ಸಿಗಲಿಲ್ಲ. ಕಡೆಗೆ ಮಸೀದಿಗೆ ಗೋರಿ ತೋಡುವ ಅಣ್ಣತಮ್ಮಂದಿರೇ ಗುದ್ದಲಿ ಹಿಡಿದು ಬಂದರು. ಗುಂಡಿಯ ಒಳಗೋಡೆಯಲ್ಲಿ ಶವ ಕೂರಿಸುವ ಗೂಡು ತೋಡಬೇಕೆಂದು ಜಂಗಮರು ವಿವರಿಸತೊಡಗಿದರೆ, ಅಣ್ಣ ತಡೆದು, "ನಮ್ಮಲ್ಲೂ ಗೂಡಿರುತ್ತದೆ ಸ್ವಾಮೀ. ಎಷ್ಟು ಎತ್ತರ ಬೇಕು ಅಷ್ಟೇ ಹೇಳಿ," ಅಂದ.

ಹೊಸ್ತಿಲಲ್ಲಿ ನಿಂತು ಬೇಡವೆಂದಿದ್ದ ಇಬ್ಬರೂ ಅಲ್ಲಿದ್ದರು, ಕೊಡೆ ಹಿಡಿದು. ನಾನು ಅವರತ್ತ ತಲೆಯಾಡಿಸಿದೆ. ಅವರೂ ಆಡಿಸಿದರು. ಸಂಜೆ ಅವರಲ್ಲೊಬ್ಬರ ಹೆಂಡತಿ ಅನ್ನ, ಬೇಳೆಯ ಪಪ್ಪು ಕಳಿಸಿದರು. ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡೆ.

ಮರುವರ್ಷ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಋಷಿಕೊಂಡದ ಹತ್ತಿರ ಬಾಡಿಗೆಗೆ ಸಿಕ್ಕ ಮನೆಯಲ್ಲಿ ಕಡಲ ಗಾಳಿ ಬಿಟ್ಟರೆ ಸದ್ದೇ ಇರಲಿಲ್ಲ. ಸಿಂಹಾಚಲಕ್ಕೆ ಬಾ, ಬೀಚಿಗೆ ಬಾ ಎಂದು ಜೊತೆಯವರು ಕರೆಯುತ್ತಿದ್ದರು. ಭಾನುವಾರಗಳಲ್ಲಿ ನಾನು ಎಲ್ಲಿಗೂ ಹೋಗಲಿಲ್ಲ, ಪರದೆ ಎಳೆದು ಮಲಗಿದೆ. ಎಷ್ಟು ಮಲಗಿದರೂ ಮೈಯ ದಣಿವು ಇಳಿಯಲು ಇನ್ನೊಂದು ಬೇಸಿಗೆಯೇ ಬರಬೇಕಾಯಿತು.