ತೌಡಿಗೆ ಮಾರಿದ ಮಗಳು

ಸಾಸಲಿನ ಗಂಗಲಕ್ಷ್ಮಮ್ಮನಿಗೆ ಮೊದಲೆರಡು ಕೂಸುಗಳು ದಕ್ಕಿರಲಿಲ್ಲ. ಮೂರನೆಯದು ಎಂಬತ್ಮೂರರಲ್ಲಿ ಏಳು ತಿಂಗಳಿಗೇ ಹುಟ್ಟಿತು. ತಕ್ಕಡಿಯಲ್ಲಿಟ್ಟರೆ ಒಂದೂಕಾಲು ಕೆ.ಜಿ.ಯೂ ಇಲ್ಲ. ದೇವರ ಮೇಲೆ ಭಾರ ಹಾಕಿ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದರು. ನಾನು ಪಕ್ಕದ ಮನೆಯವಳು. ಹತ್ತಿಯಲ್ಲಿ ಸುತ್ತಿದ್ದ ಆ ಕೂಸನ್ನು ಎರಡು ಅಂಗೈಯಲ್ಲೇ ಎತ್ತಿಕೊಂಡಿದ್ದೆ.

ಅದನ್ನು ಕೊಂಡವರು ನಮ್ಮತ್ತೆ ಅಮ್ಮಯಮ್ಮ. ಉಳಿಯುವ ನಂಬಿಕೆಯಿಲ್ಲದ ಕೂಸನ್ನು ಒಂದು ಮೊರ ತೌಡಿಗೆ ಇನ್ನೊಬ್ಬರಿಗೆ ಮಾರಿಬಿಡುವುದು ನಮ್ಮ ಹಿರಿಯರ ಪದ್ಧತಿ. ಕೂಸು ಹೆತ್ತವಳ ಮಡಿಲಲ್ಲೇ ಬೆಳೆಯುತ್ತದೆ. ಆದರೆ ತೌಡಿನ ಬೆಲೆಯ ಕೂಸಿನ ಮೇಲೆ ಯಮನ ಕಣ್ಣೂ ಬೀಳುವುದಿಲ್ಲವಂತೆ. ಹೆಸರು ವಾಣಿಶ್ರೀ ಎಂದಿಟ್ಟರು, ಕರೆದದ್ದು ಮಾತ್ರ ತೌಡಮ್ಮ ಎಂದು. ಹೆತ್ತವಳು ಅದನ್ನು ಎಂದೂ ಹೊಗಳಬಾರದು. ಯಾರು ಕೇಳಿದರೂ, ಕೆಲಸಕ್ಕೆ ಬಾರದ್ದು, ಉಳಿಯುವ ಪೈಕಿ ಅಲ್ಲ ಎಂದೇ ಹೇಳಬೇಕು.

ಬೇರೆ ತಾಯಂದಿರು ಮಗು ಓಡಾಡುವ ಹೊತ್ತಿಗೆ ಇದನ್ನೆಲ್ಲ ಮರೆತುಬಿಡುತ್ತಾರೆ. ಗಂಗಲಕ್ಷ್ಮಮ್ಮ ಮರೆಯಲಿಲ್ಲ. ಎರಡು ಕೂಸು ಮಣ್ಣಿಗೆ ಕೊಟ್ಟವಳು ಹೇಗೆ ಮರೆತಾಳು? ಹಾಗೆಂದು ನಾನೂ ಸುಮ್ಮನಿದ್ದೆ, ಕೆಲವೊಮ್ಮೆ ಮೈಯೆಲ್ಲ ಉರಿದರೂ.

ಹುಡುಗಿ ಉಳಿದಳು. ಎಡಗಾಲು ತುಸು ಎಳೆಯುತ್ತಿತ್ತು, ಚಳಿ ಬಿದ್ದರೆ ಉಬ್ಬಸ, ಕಣ್ಣಿಗೆ ಸೋಡಾಬುಡ್ಡಿ ಕನ್ನಡಕ. ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಅಪ್ಪ ರಾಮಾಂಜಿನಪ್ಪನ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಾ ಹಾಡು ಗುನುಗುತ್ತಿದ್ದಳು. ನಮ್ಮ ಮನೆಗೆ ಬಂದು ಹರಟುತ್ತಿದ್ದಳು, ನನ್ನ ಅಡುಗೆಯನ್ನು ಆಡಿಕೊಳ್ಳುತ್ತಿದ್ದಳು. ಅವಳು ನಕ್ಕರೆ ನನಗೂ ನಗು ಬರುತ್ತಿತ್ತು.

ಹನ್ನೆರಡಕ್ಕೆ ಬಿದ್ದಾಗ ಕಣ್ಣು ತೋರಿಸಲು ಬೆಂಗಳೂರಿಗೆ ಕರೆದುಕೊಂಡು ಹೋದರು. ಜೊತೆಗೆ ನಾನೂ ಹೋಗಿದ್ದೆ. ಅಲ್ಲೊಬ್ಬ ಡಾಕ್ಟರಮ್ಮ, ಇಷ್ಟು ಸಣ್ಣದಾಗಿ ಹುಟ್ಟಿದ ಮಕ್ಕಳು ದೊಡ್ಡವರಾದ ಮೇಲೆ ಹೇಗಿರುತ್ತಾರೆಂದು ತಿಳಿಯುವ ಆಸೆಯಿಂದ, ತಾಯಿಯನ್ನು ಬಿಟ್ಟು ಮಗಳನ್ನೇ ಕೇಳಿದರು, ನಿನ್ನ ಬದುಕು ಹೇಗನಿಸುತ್ತದೆ ಎಂದು.

ತೌಡಮ್ಮ ಯೋಚನೆಯನ್ನೂ ಮಾಡಲಿಲ್ಲ. “ಚೆನ್ನಾಗಿದೀನಿ ಮೇಡಂ,” ಅಂದಳು.

ಗಂಗಲಕ್ಷ್ಮಮ್ಮನ ಮುಖ ಬಿಳುಪೇರಿತು. ಮಗಳ ಬಾಯಿಗೆ ಕೈ ಅಡ್ಡ ಹಿಡಿದು, ಅವಳ ಮಾತು ನಂಬಬೇಡಿ, ಇದು ಇವತ್ತೋ ನಾಳೆಯೋ, ಕಾಲಿಲ್ಲ, ಕಣ್ಣಿಲ್ಲ, ಇದಕ್ಕೇನು ಬದುಕು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. ಡಾಕ್ಟರಮ್ಮ ಕೆಟ್ಟ ತಾಯಿಯನ್ನು ನೋಡುವ ಹಾಗೆ ನೋಡಿದರು. ಬಸ್ಸಿನಲ್ಲಿ ಹುಡುಗಿ ಊರು ಬರುವವರೆಗೂ ಕಿಟಕಿಯ ಕಡೆ ತಿರುಗಿಯೇ ಕೂತಿದ್ದಳು. ಆಮೇಲೆ ಅವಳು ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಹಾಡು ನಿಂತಿತು. ಶಾಲೆಯಲ್ಲಿ ಯಾರು ಏನೆಂದರೂ ಹೌದು ಎನ್ನುವ ಹುಡುಗಿಯಾದಳು.

ತೊಂಬತ್ತೊಂಬತ್ತರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು, ಮೊದಲನೇ ಸಲಕ್ಕೇ. ರಾಮಾಂಜಿನಪ್ಪ ದೊಡ್ಡಬಳ್ಳಾಪುರದ ಕಾಲೇಜಿಗೆ ಸೇರಿಸಲು ಓಡಾಡಿದ. ಸೇರುವ ದಿನ ಬೆಳಿಗ್ಗೆ ಹುಡುಗಿ ಚಾಪೆಯಿಂದ ಏಳಲಿಲ್ಲ. ಕೂಗಾಟ ಕೇಳಿ ನಾನೂ ಹೋದೆ. ಜ್ವರವೇನೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ಉಳಿಯೋಳಲ್ಲದೋಳಿಗೆ ಕಾಲೇಜ್ಯಾಕಪ್ಪ,” ಅಂದಳು. ಅಣಕವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಗಂಗಲಕ್ಷ್ಮಮ್ಮ ಅವಳ ತಲೆದೆಸೆಯಲ್ಲಿ ಕುಸಿದು ಕೂತಳು. ತೌಡಿನ ವಿಷಯ ನಿನಗೆ ಗೊತ್ತಿಲ್ಲವೇ, ನಿನ್ನನ್ನು ಉಳಿಸಿಕೊಳ್ಳಲಿಕ್ಕೇ ಅಲ್ಲವೇ ಹಾಗೆಲ್ಲ ಅಂದದ್ದು ಎಂದು ಗೋಳಾಡಿದಳು. ಹುಡುಗಿ ಮೆಲ್ಲಗೆ ಇತ್ತ ತಿರುಗಿದಳು.

“ಗೊತ್ತಮ್ಮ. ಚಿಕ್ಕೋಳಿದ್ದಾಗಿಂದ್ಲೂ ಗೊತ್ತು. ಯಮ ಕೇಳಿಸ್ಕೊಳ್ಳಿ ಅಂತ ನೀನು ಅಂದೆ. ಕೇಳಿಸ್ಕೊಂಡಿದ್ದು ನಾನಲ್ವಾ?”

ನಾನು ಗಂಗಲಕ್ಷ್ಮಮ್ಮನ ಭುಜ ಅಲುಗಿಸಿದೆ. ಈಗಲಾದರೂ ಹೇಳು, ಒಂದೇ ಒಂದು ಸಲ, ನೀನು ಚೆನ್ನಾಗಿದ್ದೀಯ ಅನ್ನು ಎಂದು ಬೇಡಿಕೊಂಡೆ. ಅವಳು ಬಾಯಿ ತೆರೆದಳು. ಹುಡುಗಿ ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ತಾಯಿಯ ತುಟಿಯನ್ನೇ ನೋಡುತ್ತಿದ್ದಳು, ಕಾಯುತ್ತಿದ್ದಳು. ಗಂಗಲಕ್ಷ್ಮಮ್ಮ ತೆರೆದ ಬಾಗಿಲ ಕಡೆ ಒಮ್ಮೆ ನೋಡಿದಳು, ಅಲ್ಲಿ ಯಾರೋ ನಿಂತಿದ್ದಾರೇನೋ ಎಂಬಂತೆ. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.