ಮಾಬ್ಲನ ಬಳಿ ಬಿಟ್ಟುಹೋದ ಚಂಡಕೇತು

ಕುಮಟಾ–ಭಟ್ಕಳ ಬಸ್ಸಿನ ಕಂಡಕ್ಟರ್ ದಿನಕರನ ಗಂಟಲಿನ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನು ಕುಮಟಾ ಸ್ಟ್ಯಾಂಡಿನಲ್ಲಿ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಕೂಗಿದರೆ ಹೊನ್ನಾವರದಲ್ಲಿ ನಿಂತಿದ್ದ ಬಸ್ಸಿನ ಜನ ಎರಡು ಹೆಜ್ಜೆ ಮುಂದೆ ಸರಿಯುತ್ತಿದ್ದರು. ಭಟ್ಕಳದಲ್ಲಿ ಸೀಟಿ ಊದಿದರೆ ಬಂದರಿನ ದೋಣಿಗಳು ಲಂಗರು ಎತ್ತುತ್ತಿದ್ದವು. ಇದರಲ್ಲಿ ಅರ್ಧ ಸುಳ್ಳು ಎನ್ನುವವರು ಯಾವ ಅರ್ಧ ಎಂದು ತೋರಿಸಲಿ.

ಇಂಥ ಗಂಟಲಿಗೆ ಟಿಕೆಟ್ ಕೊಡುವ ಕೆಲಸ ಸಾಲುವುದುಂಟೆ? ಅದಕ್ಕೆ ತಕ್ಕ ಕೆಲಸ ಸಿಕ್ಕಿದ್ದು ಚಂಡಕೇತುವಿನಿಂದ. ಚಂಡಕೇತು ಒಬ್ಬ ವೀರ. ಅವನನ್ನು ಹಡೆದವನು ದಿನಕರನೇ, ಒಂದು ಆಟದಲ್ಲಿ.

ಆ ಆಟ ಹೊನ್ನಾವರಕ್ಕೆ ಬಂದದ್ದು ಹಡಗಿನಲ್ಲಿ. ಲೈನ್‌ಮನ್ ನಾಗಭೂಷಣನ ಭಾವ ಹಡಗಿನ ನೌಕರಿಯಲ್ಲಿದ್ದ. ಯಾವುದೋ ಬಂದರಿನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಒಂದು ಚೀಲ ದಾಳಗಳನ್ನೂ ತಂದುಕೊಟ್ಟ. ಈ ಆಟಕ್ಕೆ ಮಣೆಯಿಲ್ಲ, ಕಾಯಿಗಳಿಲ್ಲ. ಒಬ್ಬರು ಕಥೆ ನಡೆಸಬೇಕು: ಎದುರಿಗೆ ಕಾಡಿದೆ, ಕಾಡಿನಲ್ಲಿ ರಾಕ್ಷಸ ಕೂತಿದ್ದಾನೆ, ಏನು ಮಾಡುತ್ತೀರಿ? ಉಳಿದವರು ತಮಗೊಬ್ಬ ವೀರನನ್ನೋ ಮಂತ್ರವಾದಿಯನ್ನೋ ಹುಟ್ಟಿಸಿಕೊಂಡು, ಅವನ ಬಲಾಬಲವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಅವನ ಬಾಯಿಂದ ಉತ್ತರ ಕೊಡಬೇಕು. ಅಂದುಕೊಂಡದ್ದು ಆಯಿತೋ ಇಲ್ಲವೋ ಎಂದು ಹೇಳುವುದು ಇಪ್ಪತ್ತು ಮುಖದ ದಾಳ. ಇಪ್ಪತ್ತು ಬಿದ್ದರೆ ಬೆಟ್ಟ ಅಲುಗುತ್ತದೆ. ಒಂದು ಬಿದ್ದರೆ ಅಂದುಕೊಂಡದ್ದಕ್ಕೆ ಎಳ್ಳುನೀರು, ಯುದ್ಧದಲ್ಲಾದರೆ ವೀರನಿಗೇ.

ಆ ಪುಸ್ತಕವನ್ನು ಪೂರ್ತಿ ಓದಿದವಳು ಆಗ ಕಾಲೇಜಿಗೆ ಹೋಗುತ್ತಿದ್ದ ವೀಣಾ ಒಬ್ಬಳೇ. ಆದ್ದರಿಂದ ಕಥೆ ನಡೆಸುವವಳೂ ಅವಳೇ ಆದಳು. ಆಮೇಲೆ ಒಂದು ಮಳೆಗಾಲದಲ್ಲಿ ಗೆದ್ದಲು ಅದನ್ನು ಯುದ್ಧದ ಅಧ್ಯಾಯದಿಂದ ಕೊನೆಯವರೆಗೂ ತಿಂದು ತೇಗಿತು. ಅಷ್ಟೂ ಯುದ್ಧ ಹೊಟ್ಟೆಯಲ್ಲಿದ್ದ ಆ ಗೆದ್ದಲು ಮುಂದೆ ಎರಡು ದೋಣಿ, ಒಂದು ತೆಂಗಿನಮರ ಮತ್ತು ಒಂದು ಸಿಮೆಂಟಿನ ಕಂಬವನ್ನು ಉರುಳಿಸಿತಂತೆ.

ಬೇರೆ ಊರಿನವರಾಗಿದ್ದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಇವರು ತಾಳಮದ್ದಲೆ ಕೇಳಿ ಬೆಳೆದ ಜನ. ವೇಷವಿಲ್ಲದೆ, ಕೂತಲ್ಲಿಯೇ ಕೂತು, ಒಬ್ಬ ದೇವರಾಗಿ ಇನ್ನೊಬ್ಬ ದಾನವನಾಗಿ ಮಾತಿನಲ್ಲೇ ಹೊಡೆದಾಡುವುದನ್ನು ತೊಟ್ಟಿಲಿನಿಂದ ಕಂಡವರು. ಯುದ್ಧಕ್ಕೆ ತಾವೇ ನಿಯಮ ಮಾಡಿಕೊಂಡರು. ಮೊದಲು ಎದುರಾಳಿಯನ್ನು ವಾದದಲ್ಲಿ ಒಪ್ಪಿಸಬೇಕು, ಒಪ್ಪಿಸಿದವನಿಗೆ ಮಾತ್ರ ದಾಳ. ಸಾಯಲಿರುವವನ ಪರವಾಗಿ ಜೊತೆಗಿದ್ದವನು ಒಂದು ಸಲ ವಾದಿಸಬಹುದು. ಸತ್ತರೆ ಅವನ ಹಾಳೆಯನ್ನು ಕಾಗದದ ದೋಣಿ ಮಾಡಿ ಶರಾವತಿಗೆ ಬಿಡಬೇಕು. ದೋಣಿ ಮಡಚಿ ಮುಗಿಯುವವರೆಗೆ ಆ ವಾದಕ್ಕೆ ಅವಕಾಶ. ವೀಣಾಳಿಗೆ, ತಾಳಮದ್ದಲೆ ನಡೆಸುವವರ ಹಾಗೆ, ಭಾಗವತರು ಎಂದೇ ಹೆಸರಾಯಿತು.

ಚಂಡಕೇತುವಿನ ಬಾಯಲ್ಲಿ ದಿನಕರ ವಾದಕ್ಕೆ ನಿಂತರೆ ರಾಕ್ಷಸರು ಸೋಲೊಪ್ಪುತ್ತಿದ್ದರು. ಅರ್ಥವಾಗಿ ಅಲ್ಲ, ಊಟಕ್ಕೆ ಹೊತ್ತಾಯಿತೆಂದು. ಹೀಗಿರುವಾಗ ಅವನಿಗೆ ಘಟ್ಟದ ಮೇಲಿನ ಡಿಪೋಗೆ ವರ್ಗವಾಯಿತು. ಆಟ ಭಾನುವಾರ. ಆ ಡಿಪೋದ ರಜೆಗೂ ಭಾನುವಾರಕ್ಕೂ ಹುಟ್ಟಾ ವೈರ. ಹೊರಡುವ ದಿನ ಅವನು ಚಂಡಕೇತುವಿನ ಹಾಳೆಯನ್ನು ಜೊತೆಗೆ ಆಡುತ್ತಿದ್ದ ಗೆಳೆಯ ಮಾಬ್ಲನ ಕೈಗಿಟ್ಟು, “ನಾ ಬರೂವರೆಗೆ ನೋಡ್ಕ” ಎಂದು ಹೇಳಿ ಘಟ್ಟ ಹತ್ತಿದ.

ಇಳಿದು ಬರುವಷ್ಟರಲ್ಲಿ ಅವನ ಮೀಸೆಗೆ ಬಣ್ಣ ಹಚ್ಚುವ ಕಾಲ ಬಂದಿತ್ತು. ಮಾಬ್ಲನಿಗೆ ಹೊನ್ನಾವರದ ಬಂದರಿನಲ್ಲಿ ದೋಣಿ ಇಂಜಿನ್ ರಿಪೇರಿಯ ಅಂಗಡಿ. ಆಟ ನಡೆಯುವುದು ಅದರ ಅಟ್ಟದಲ್ಲಿ. ಕುಮಟಾ ಡಿಪೋಗೆ ಮರಳಿದ ಮೊದಲ ಭಾನುವಾರವೇ ದಿನಕರ ಬನ್ಸ್ ಕಟ್ಟಿಸಿಕೊಂಡು ಅಟ್ಟ ಹತ್ತಿದ. ಆಟ ನಿಂತಿರಲಿಲ್ಲ. ಅದೇ ಮಾಬ್ಲ, ಈಗ ನಿವೃತ್ತನಾದ ಅದೇ ನಾಗಭೂಷಣ, ತಾಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ನಡೆಸುತ್ತಿರುವ ಅದೇ ವೀಣಾ.

“ಬಾ ಮಾರಾಯ,” ಅಂದ ಮಾಬ್ಲ. “ಘಟ್ಟದ ಮೇಲಿನವ್ರು ಕಡೆಗೂ ನಿನ್ನ ಬಿಟ್ರಾ?”

“ಅವ್ರ ಕಿವಿ ಹೋದ ಮೇಲೆ ಬಿಟ್ಟಿರ್ತಾರೆ,” ಅಂದ ನಾಗಭೂಷಣ.

“ಅದಿರ್ಲಿ. ನನ್ನ ಚಂಡಕೇತು ಎಲ್ಲವ?”

“ಇಲ್ಲೇ ಅದಾನಲ,” ಎಂದು ಮಾಬ್ಲ ಗ್ರೀಸ್ ಹತ್ತಿದ ಕೈಯಿಂದ ತನ್ನ ಎದೆ ಮುಟ್ಟಿಕೊಂಡ.

“ಆತು, ಕೊಡು ಮತ್ತೆ.”

ವೀಣಾ ಬನ್ಸಿನ ಪೊಟ್ಟಣದ ದಾರ ಬಿಚ್ಚುತ್ತ, “ದಿನಕರಣ್ಣ, ಚಂಡಕೇತು ಈಗ ಕೋಟೆ ಬಾಗಿಲಲ್ಲಿ ನಿಂತಿದಾನೆ. ಮಧ್ಯದಲ್ಲಿ ಬಾಯಿ ಬದಲು ಮಾಡೂಕೆ ಬರೂದಿಲ್ಲ. ನಿಮಗೊಬ್ಬ ಹೊಸಬನ್ನ ಮಾಡ್ಕೊಡ್ತೆ,” ಅಂದಳು.

“ನಂಗೆ ಹೊಸಬ ಎಂತಕ್ಕೆ? ನಾ ಇವಂಗೆ ನೋಡ್ಕ ಅಂದಿದ್ದೆ. ಇಟ್ಕ ಅಂದಿರ್ಲಿಲ್ಲ.”

“ನೋಡ್ಕಂಡೆನಲ ಮಾರಾಯ,” ಅಂದ ಮಾಬ್ಲ. “ನೋಡ್ಕಳದೇ ಇದ್ರೆ ಅಂವ ಇಷ್ಟು ವರ್ಷ ಬದುಕ್ತಿದ್ನಾ?”

ನೆರೆಮನೆಯ ಹಿತ್ತಲಲ್ಲಿ ಹಲಸಿನ ಸಸಿ ನೆಟ್ಟು ದೇಶಾಂತರ ಹೋದವನು, ಮರ ಹಣ್ಣು ಬಿಟ್ಟ ಮೇಲೆ ಬಂದು ಮರ ಕಿತ್ತುಕೊಡಿ ಎಂದಂತಾಯಿತು. ಇವನ ಮಾತಿನಲ್ಲಿಯೂ ನ್ಯಾಯವಿದೆ, ಮರ ಮಾತ್ರ ಏಳುವುದಿಲ್ಲ.

ಹೊಸಬನಿಗಾಗಿ ದಾಳ ಹಾಕಿದರೆ ಬಲ ಮೂರು ಬಿತ್ತು, ರೂಪ ಎರಡು. ಕ್ಷತ್ರಿಯನಾಗಲು ಸಾಲದೆ ಹೋಗಿ ಅವನು ದೋಣಿ ಬೊಮ್ಮನೆಂಬ ಅಂಬಿಗನಾದ. ಚಂಡಕೇತುವನ್ನು ಹೊಳೆ ದಾಟಿಸುವುದು ಅವನ ಕೆಲಸ. ತಾನು ಹಡೆದವನಿಗೆ ತಾನೇ ಹುಟ್ಟು ಹಾಕುವ ಯೋಗ.

ಮಾಬ್ಲ ಮಾತಿಗೆ ತೊಡಗಿದ. ಅಂಗಡಿಯಲ್ಲಿ ಗಿರಾಕಿ ಬಂದರೆ ‘ಹ್ಞೂಂ’, ಹೋದರೆ ‘ಆತು’, ಇಷ್ಟರಲ್ಲೇ ದಿನ ಕಳೆಯುವ ಪ್ರಾಣಿ. ಅವನ ಚಂಡಕೇತುವೂ ಹಾಗೆಯೇ. “ಬಾಗಿಲು ತೆರೆಯಿರಿ,” ಎಂದು ಮೆಲ್ಲಗೆ ಹೇಳಿದ. “ಈ ದೇಹದಲ್ಲಿ ಉಳಿದಿರುವುದು ಒಂದೇ ಕೈ. ಅದನ್ನು ನಿಮ್ಮ ಬಾಗಿಲಿನ ಮೇಲೆ ಖರ್ಚು ಮಾಡುವ ಮನಸ್ಸಿಲ್ಲ.”

ನಾಗಭೂಷಣ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಅವನ ಹೆಂಡತಿಗೂ ಇಂದಿನವರೆಗೆ ಸಾಧ್ಯವಾಗದ ಕೆಲಸ ಅದು. ವೀಣಾ ದಾಳವನ್ನೂ ಕೇಳದೆ ಕೋಟೆಯ ಬಾಗಿಲು ತೆರೆದಳು.

“ಇನ್ನೊಂದು ಕೈ ಎಲ್ಲಿ ಹೋತು?” ದಿನಕರ ಕೇಳಿದ.

“ಮೊಸಳೆಗೆ ಕೊಟ್ಟ,” ಅಂದ ಮಾಬ್ಲ. “ಹೊಳೆ ಮಧ್ಯ ಮೂರು ಮಕ್ಕಳು ಸಿಕ್ಕಾಕಂಡಿದ್ವು.”

“ಯಾರ ಕೇಳಿ ಕೊಟ್ಟೆ? ಅದು ನನ್ನ ಕೈ.”

ಆ ಸಂಜೆ ಮನೆಗೆ ಬಂದವನು ಚಾ ಮುಟ್ಟಲಿಲ್ಲ. ಹೆಂಡತಿ ಮಾಲತಿ, “ಎಂತ ಆತು? ಹೊಟ್ಟೆ ನೋವಾ?” ಎಂದು ಕೇಳಿದಳು.

“ಮಾಬ್ಲ ಚಂಡಕೇತುನ ಕೈ ಕಡಿಸಿ ಹಾಕ್ದ.”

“ಅಯ್ಯೋ ದೇವ್ರೇ. ಯಾವ ಆಸ್ಪತ್ರೆಲಿ ಇದಾರೆ?”

ವಿಷಯ ತಿಳಿದ ಮೇಲೆ ಅವಳು ಚಾ ಲೋಟ ಎತ್ತಿಕೊಂಡಳು. “ಹೊಟ್ಟೆಲಿ ಅಷ್ಟು ಬೆಂಕಿ ಇದ್ರೆ ಒಳಗೆ ಬನ್ನಿ. ಗ್ಯಾಸ್ ಮುಗೀತಾ ಬಂದದೆ, ಅನ್ನ ಬೆಂದ್ಕಳ್ಳಿ.”

ನಿಜವಾಗಿಯೂ ಬೇಯುತ್ತಿತ್ತು. ಮರುದಿನ ಅವನು ಒರಗಿ ಕೂತ ಬಸ್ಸಿನ ಸೀಟಿನ ರೆಕ್ಸಿನ್ ಕರಗಿತು. ಹಿಂದಿನ ಸೀಟಿನ ಹೆಂಗಸಿನ ಬುಟ್ಟಿಯಲ್ಲಿದ್ದ ಹಸಿ ಬಂಗುಡೆ ಮೀನು ಭಟ್ಕಳ ಮುಟ್ಟುವಷ್ಟರಲ್ಲಿ ಹುರಿದು ಸಿದ್ಧವಾಗಿತ್ತು. ಮಂಕಿಯ ಹತ್ತಿರ ಒಬ್ಬ ಅಜ್ಜ “ಒಂದು ಭಟ್ಕಳ” ಅಂದರೆ ದಿನಕರ “ಒಂದು ಕೈ ಮೊಸಳೆಗೆ” ಅಂದ. ಅಜ್ಜ ಮುಂದಿನ ಸ್ಟಾಪಿನಲ್ಲಿಯೇ ಇಳಿದು ಹೋದ.

ಈ ಉರಿಯಿಂದ ಪಾರಾಗಲು ಅವನೊಂದು ದಾರಿ ಹಿಡಿದ. ಮಾಬ್ಲನ ಚಂಡಕೇತು ಅಸಲಿ ಚಂಡಕೇತುವೇ ಅಲ್ಲ ಎಂದು ಸಾಧಿಸಬೇಕು, ಅದಕ್ಕೆ ತಪ್ಪುಗಳನ್ನು ಹುಡುಕಬೇಕು. ನಾಗಭೂಷಣನಿಗೆ ಚಾ ಕುಡಿಸಿ ಕುಡಿಸಿ, ತಾನಿಲ್ಲದ ವರ್ಷಗಳ ಒಂದೊಂದು ಕಥೆಯನ್ನೂ ಹೊರಗೆಳೆದ. ಅಸೂಯೆ ಹಿಡಿದವನಷ್ಟು ಮನಸ್ಸಿಟ್ಟು ಕಥೆ ಕೇಳುವವರು ಲೋಕದಲ್ಲಿಲ್ಲ. ಭಕ್ತರು ಕೂಡ ನಡುವೆ ತೂಕಡಿಸುತ್ತಾರೆ.

ಉಪ್ಪುನೀರಿನ ರಾಕ್ಷಸ ಗದ್ದೆಗಳಿಗೆ ನುಗ್ಗಿದಾಗ ಚಂಡಕೇತು ಕತ್ತಿಯನ್ನು ಬದಿಗಿಟ್ಟು, ಊರಿನವರ ಜೊತೆ ಮಣ್ಣು ಹೊತ್ತು ಒಡ್ಡು ಕಟ್ಟಿದ್ದನಂತೆ. ಮಾಬ್ಲನ ಅಜ್ಜಿಮನೆ ಅಘನಾಶಿನಿ, ಅವನಿಗೆ ಹೊಳೆಬಾಯಿಯ ಗದ್ದೆ ಗೊತ್ತು, ಒಡ್ಡು ಗೊತ್ತು.

“ವೀರನ ತಲೆಮೇಲೆ ಬುಟ್ಟಿ ಹೊರಿಸಿದ್ಯಲ ಮಾರಾಯ,” ದಿನಕರ ಛೇಡಿಸಿದ.

“ಕತ್ತಿಲಿ ನೀರು ಕಡಿಯೂಕೆ ಬತ್ತದಾ?” ಅಂದ ಮಾಬ್ಲ.

ಇದಕ್ಕೆ ದಿನಕರನಿಗೆ ಉತ್ತರ ಹೊಳೆದದ್ದು ಮರುದಿನ, ಬಸ್ಸಿನಲ್ಲಿ. ಆಗ ಕೇಳಲು ಡ್ರೈವರ್ ಮಾತ್ರ ಇದ್ದ.

ಕೊನೆಗೆ ಒಂದು ದಿನ ಪಾಳಿ ಮುಗಿಸಿ ಇಡಗುಂಜಿಗೆ ಹೋಗಿ, ಗಣಪತಿಯ ಮುಂದೆ ಕೈಮುಗಿದು ನಿಂತ. ಒಳ್ಳೆಯದನ್ನು ಬೇಡುವವರ ಸಾಲಿನಲ್ಲಿ ನಿಂತು ಇಂಥದ್ದನ್ನು ಬೇಡಲು ಅವನಿಗೂ ಸ್ವಲ್ಪ ಸಂಕೋಚವಾಗಿ, ಮೊದಲು ಲೋಕಕ್ಕೆಲ್ಲ ಒಳ್ಳೆಯದಾಗಲಿ ಎಂದ. ಆಮೇಲೆ, “ಮಾಬ್ಲಂಗೆ ಒಂದು ಬೀಳ್ಲಿ. ಪಂಚಕಜ್ಜಾಯ ಮಾಡಿಸ್ತೆ,” ಎಂದು ಹರಕೆ ಹೊತ್ತ. ಯಾವುದೋ ಸಣ್ಣ ಕೆಲಸದಲ್ಲಿ ದಾಳ ಕೈಕೊಟ್ಟರೆ ‘ಇಂವ ನನ್ನ ಕೈಗೆ ಆಗೂದಿಲ್ಲ’ ಎಂದು ಮಾಬ್ಲ ತಾನಾಗಿಯೇ ಹಾಳೆಯನ್ನು ಒಪ್ಪಿಸುತ್ತಾನೆ ಎನ್ನುವುದು ಅವನ ಅಂದಾಜು. ಒಂದು ಬೀಳಲಿ ಎಂದನೇ ಹೊರತು ಯಾವಾಗ ಬೀಳಲಿ ಎನ್ನಲಿಲ್ಲ. ದೇವರಿಗೆ ಅರ್ಜಿ ಕೊಡುವಾಗ ವಿವರ ಬಿಡಬಾರದು.

ಆ ಭಾನುವಾರ ಕಥೆ ಹೊಳೆ ಕಡಲು ಸೇರುವ ಅಳಿವೆಗೆ ಬಂದಿತ್ತು. ಬೊಮ್ಮ ಹುಟ್ಟು ಹಾಕುತ್ತಿದ್ದಾನೆ, ಚಂಡಕೇತು ಮುಂದೆ ನಿಂತಿದ್ದಾನೆ. “ನೀರು ಕಪ್ಪಾಗ್ತಾ ಬಂತು,” ಅಂದಳು ವೀಣಾ. ಅಡಿಯಿಂದ ಒಂದು ಘಟಸರ್ಪ ಎದ್ದಿತು. ಅದರ ಹೆಡೆ ಶರಾವತಿಯ ಸೇತುವೆಯಷ್ಟು ಅಗಲ, ಬಾಲ ಇನ್ನೂ ಕುಮಟಾದಲ್ಲಿ. ಚಂಡಕೇತು ವಾದದಲ್ಲಿ ಗೆದ್ದ. ಮಾಬ್ಲ ದಾಳ ಎಸೆದ. ಅದು ಉರುಳಿ, ಎಲೆ ಅಡಿಕೆಯ ತಟ್ಟೆಗೆ ತಾಗಿ ನಿಂತಿತು.

ಒಂದು.

ದಿನಕರನ ಎದೆಯೊಳಗೆ ಡಬಲ್ ಬೆಲ್ ಹೊಡೆಯಿತು. ಆ ಸಂತೋಷ ಮುಖಕ್ಕೆ ಬರುವ ಮೊದಲೇ ವೀಣಾ ಚಂಡಕೇತುವಿನ ಹಾಳೆಯನ್ನು ಎತ್ತಿಕೊಂಡು ಉದ್ದಕ್ಕೆ ಮಡಚಿದಳು. ಕಾಗದದ ದೋಣಿಯ ಮೊದಲ ಮಡಿಕೆ. ಹಾಳೆಯ ತಲೆಯಲ್ಲಿ ‘ಚಂಡಕೇತು’ ಎಂದು ದಿನಕರನ ಎಳೆಯ ಅಕ್ಷರ, ಕೆಳಗೆಲ್ಲ ಮಾಬ್ಲನ ಗ್ರೀಸಿನ ಬೆರಳು.

ಮಾಬ್ಲ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ, ಒರೆಸುತ್ತಲೇ ಇದ್ದ.

“ನಿಲ್ಸು,” ಅಂದ ದಿನಕರ. “ಬೊಮ್ಮ ಮಾತಾಡ್ತ.”

ವೀಣಾ ಸರ್ಪದ ಧ್ವನಿ ತೆಗೆದಳು. “ಅಂಬಿಗನೇ, ಈತನನ್ನು ಉಳಿಸಲು ನನಗೊಂದು ಕಾರಣ ಕೊಡು.”

ದಿನಕರ ಗಂಟಲು ಸರಿಮಾಡಿಕೊಂಡು, ತನ್ನ ಕಾಲದ ಚಂಡಕೇತು ಏಳು ರಾಕ್ಷಸರನ್ನು ಒಂದೇ ಏಟಿಗೆ ಕೆಡವಿದ್ದನ್ನು ಸಾರಿದ. ಅಟ್ಟದ ಹೆಂಚು ನಡುಗಿ, ಕೆಳಗೆ ಕೆಟ್ಟು ಬಿದ್ದಿದ್ದ ಒಂದು ಇಂಜಿನ್ ತಾನಾಗಿಯೇ ಚಾಲೂ ಆಯಿತು.

“ಕೊಂದದ್ದು ದೊಡ್ಡ ಮಾತೇ? ನಾನು ಅದಕ್ಕಿಂತ ಹೆಚ್ಚು ನುಂಗಿದ್ದೇನೆ,” ಅಂತು ಸರ್ಪ. ಎರಡನೇ ಮಡಿಕೆ ಬಿತ್ತು.

ದಿನಕರನ ಬಳಿ ತನ್ನದೆಂಬ ಬಂಡವಾಳ ಅಲ್ಲಿಗೆ ಖಾಲಿಯಾಯಿತು. ಇನ್ನು ಉಳಿದದ್ದೆಲ್ಲ ಮಾಬ್ಲನದು. ತಪ್ಪು ಹುಡುಕಲೆಂದು ಕೂಡಿಟ್ಟದ್ದು, ಒಂದಕ್ಷರ ಮರೆಯದೆ ನೆನಪಿತ್ತು. ಅವನು ಧ್ವನಿ ಇಳಿಸಿದ. ಹುಟ್ಟಿದಂದಿನಿಂದ ಅಷ್ಟು ಮೆಲ್ಲಗೆ ಅವನು ಮಾತಾಡಿದ್ದು ಅದೇ ಮೊದಲು. ನಾಗಭೂಷಣ ಕಿವಿಗೆ ಕೈ ಹಿಡಿದು ಮುಂದೆ ಬಾಗಬೇಕಾಯಿತು.

“ನಾಗರಾಜನೇ, ನಾನು ದೋಣಿಯವನು. ವೀರರನ್ನು ಬಹಳ ದಾಟಿಸಿದ್ದೇನೆ. ದಡ ಮುಟ್ಟಿದ ಮೇಲೆ ಯಾರೂ ಹಿಂತಿರುಗಿ ನೋಡಿದ್ದಿಲ್ಲ. ಈತ ಮೂರು ಮಕ್ಕಳಿಗಾಗಿ ಕೈ ಕೊಟ್ಟವನು, ಆ ಮಕ್ಕಳ ಹೆಸರನ್ನೂ ಕೇಳದವನು. ಉಳಿದ ಒಂದು ಕೈಯಲ್ಲಿ ಕತ್ತಿ ಹಿಡಿಯಬಹುದಿತ್ತು, ಮಣ್ಣಿನ ಬುಟ್ಟಿ ಹಿಡಿದ. ಆ ಒಡ್ಡಿನ ಈಚೆಗೆ ಇಂದು ಭತ್ತ ಬೆಳೆಯುತ್ತಿದೆ. ಈತನನ್ನು ನುಂಗಿದರೆ ನಿನ್ನ ಹೊಟ್ಟೆಗೆ ಆಗುವುದು ಒಂದು ತುತ್ತು. ಬಿಟ್ಟರೆ ಎಷ್ಟು ಹೊಟ್ಟೆಗೆ ಆಗುತ್ತದೆ ಎಂದು ನೀನೇ ನೋಡು.”

ವೀಣಾ ಮಡಚುವುದನ್ನು ನಿಲ್ಲಿಸಿದಳು. “ಹಾಕಿ ದಾಳ,” ಅಂದಳು, ತನ್ನದೇ ಧ್ವನಿಯಲ್ಲಿ.

ಹದಿನೆಂಟು ಬಿತ್ತು. ಸರ್ಪ ನೀರಿಗಿಳಿಯಿತು.

ಮಾಬ್ಲ ಕನ್ನಡಕ ಹಾಕಿಕೊಂಡ. ಹಾಳೆಯ ಮಡಿಕೆಗಳನ್ನು ಅಂಗೈಯಿಂದ ನೀವಿ ನೀವಿ ಸಪಾಟು ಮಾಡಿ ದಿನಕರನ ಮುಂದೆ ಚಾಚಿದ. “ತಕ. ನೀ ಇಲ್ದಿದ್ರೆ ಇವತ್ತು ಹೋಗ್ತಿದ್ದ. ಬೊಮ್ಮನ ನಂಗೆ ಕೊಡು, ನಾ ನೋಡ್ಕಳ್ತೆ.”

ಇಷ್ಟು ದಿನ ಹೊಟ್ಟೆ ಸುಟ್ಟುಕೊಂಡದ್ದು ಇದಕ್ಕೇ. ದಿನಕರನ ಕೈ ಮುಂದೆ ಹೋಯಿತು. ಹೋದದ್ದು ಅರ್ಧದಲ್ಲಿ ನಿಂತಿತು. ಮಾಬ್ಲ ‘ನೋಡ್ಕಳ್ತೆ’ ಅಂದಿದ್ದ. ಚಂಡಕೇತುವನ್ನು ನೋಡಿಕೊಂಡು ಇಷ್ಟು ಮಾಡಿದವನು ಬೊಮ್ಮನನ್ನು ನೋಡಿಕೊಂಡರೆ? ಬಲ ಮೂರು, ರೂಪ ಎರಡು, ಇನ್ನೂ ಏನೂ ಆಗದ ಬೊಮ್ಮ. ಅವನ ಬಾಯಲ್ಲಿ ಮಾಬ್ಲ ಎಂತೆಂಥ ಮಾತು ಆಡಿಸುವನೋ. ಮತ್ತೆ ಅದನ್ನೆಲ್ಲ ಪಕ್ಕದಲ್ಲಿ ಕೂತು ಕೇಳಬೇಕು.

“ಒಂದು ಕೈ ಇಲ್ದವನ ತಕಂಡು ನಾ ಎಂತ ಮಾಡ್ಲಿ,” ಅಂದ ದಿನಕರ. “ನೀನೇ ಇಟ್ಕ. ಬೊಮ್ಮನ ಕೊಡೂದಿಲ್ಲ.”

ದೇವರು ತನ್ನ ಕೆಲಸ ಮಾಡಿ ಮುಗಿಸಿದ್ದ, ಹರಕೆ ತೀರಿಸದೆ ವಿಧಿಯಿರಲಿಲ್ಲ. ಮುಂದಿನ ಭಾನುವಾರ ದಿನಕರ ಇಡಗುಂಜಿಯ ಪಂಚಕಜ್ಜಾಯ ಹಿಡಿದು ಅಟ್ಟ ಹತ್ತಿದ. ಎಲ್ಲರಿಗಿಂತ ಹೆಚ್ಚು ತಿಂದವನು ಮಾಬ್ಲ.

“ಎಂತಕ್ಕೆ ಹರಕೆ ಹೊತ್ತಿದ್ದೆ?” ಎಂದು ಬೆರಳು ನೆಕ್ಕುತ್ತ ಕೇಳಿದ.

“ಬಸ್ಸಿನ ಟಾಯರ್ ಸಲುವಾಗಿ,” ಅಂದ ದಿನಕರ.

ಆಟ ಶುರುವಾಯಿತು. ಚಂಡಕೇತು ರಾಜಸಭೆಗೆ ಬಂದಿದ್ದ. ಸಾವಿನ ಬಾಯಿಂದ ಹೇಗೆ ಬಂದಿರಿ ಎಂದು ರಾಜ ಕೇಳಿದ. ಮಾಬ್ಲ ಕೈ ಒರೆಸಿಕೊಂಡು, ಮೆಲ್ಲಗೆ, ಅವಸರವಿಲ್ಲದೆ, ಅಂಬಿಗನೊಬ್ಬ ಸರ್ಪಕ್ಕೆ ಹೇಳಿದ ಮಾತನ್ನು ಹೇಳತೊಡಗಿದ. ಅದೇ ಮಾತು. ಆದರೆ ಅಂಬಿಗನ ಕೈಯಲ್ಲಿ ಹುಟ್ಟು ನಡುಗುತ್ತಿತ್ತು ಎಂದು ನಡುವೆ ಒಂದು ಸೇರಿಸಿದ. ಅದು ದಿನಕರನಿಗೆ ಹೊಳೆದೇ ಇರಲಿಲ್ಲ.

ನಾಗಭೂಷಣ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ.

ದಿನಕರನ ಅಂಗೈಯಲ್ಲಿದ್ದ ಪಂಚಕಜ್ಜಾಯದ ಬೆಲ್ಲ ಪಾಕವಾಗಿ ಬೆರಳ ಸಂದಿಯಿಂದ ಇಳಿಯತೊಡಗಿತು.